ಜೀಪಿನ ಚಕ್ರಕ್ಕೆ ಸ್ಪೇಸರ್ ಹಾಕಿಸುವವರ ಗಮನಕ್ಕೆ

ಈಚೆಗೆ ನಮ್ಮ ಸದಸ್ಯರ ಕೆಲವು ಜೀಪುಗಳ ಚಕ್ರಗಳು ಮಡ್‌ಗಾರ್ಡಿನಿಂದ ಹೊರಕ್ಕೆ ಚಾಚಿಕೊಂಡಿರುವುದನ್ನು ನಾವು ಕಾಣುತ್ತಿದ್ದೇವೆ. ಅಗಲವಾದ ಟಯರು ಹಾಕಿಸಿದ ಮೇಲೆ, ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಅದು ಒಳಬದಿಯಲ್ಲಿ ಸ್ಪ್ರಿಂಗಿಗೋ ಚಾಸಿಗೋ ಉಜ್ಜುತ್ತದೆ. ಆಗ ಅಂಗಡಿಯವರು ಹಬ್ಬಿಗೂ ಚಕ್ರಕ್ಕೂ ನಡುವೆ ಲೋಹದ ಬಿಲ್ಲೆಯೊಂದನ್ನು ಇಟ್ಟು ಚಕ್ರವನ್ನು ಹೊರಕ್ಕೆ ತಳ್ಳಿಕೊಡುತ್ತಾರೆ. ಈ ಬಿಲ್ಲೆಯೇ ಸ್ಪೇಸರ್. ಬರೀ ನೋಟಕ್ಕೆಂದು ಹಾಕಿಸುವ ಹುಡುಗರೂ ಇದ್ದಾರೆ. ಅದು ಅವರವರ ಮರ್ಜಿ ಎನ್ನಬಹುದಿತ್ತು. ಆದರೆ ಕೊಯ್ಲಿನ ದಿನಗಳಲ್ಲಿ ಇದೇ ಜೀಪಿನಲ್ಲಿ ಹಣ್ಣಿನ ಮೂಟೆಗಳೂ ಅವುಗಳ ಜೊತೆಗೆ ಕೆಲಸದವರೂ ಇಳಿಜಾರಿನ ತಿರುವುಗಳಲ್ಲಿ ಬರುತ್ತಾರೆ. ಆದುದರಿಂದ ಇದನ್ನು ಬರೆಯಬೇಕಾಯಿತು.

ಚಕ್ರದ ಭಾರವನ್ನು ಸ್ಟಡ್ಡುಗಳೇ ಹೊರುತ್ತವೆಂದು ಬಹುಮಂದಿ ತಿಳಿದಿದ್ದಾರೆ. ಅದು ಪೂರ್ತಿ ಸರಿಯಲ್ಲ. ನಟ್ಟನ್ನು ಬಿಗಿ ಮಾಡಿದಾಗ ಸ್ಟಡ್ಡು ಕೂದಲೆಳೆಯಷ್ಟು ಹಿಗ್ಗುತ್ತದೆ. ಹಿಗ್ಗಿದ್ದು ಮತ್ತೆ ಕುಗ್ಗಲು ಎಳೆಯುತ್ತಿರುವುದರಿಂದ ಚಕ್ರವು ಹಬ್ಬಿನ ಮುಖಕ್ಕೆ ಅಮುಕಿ ನಿಲ್ಲುತ್ತದೆ. ಹೀಗೆ ಅಮುಕಿದ ಎರಡು ಮುಖಗಳ ನಡುವಣ ಘರ್ಷಣೆಯೇ ಭಾರವನ್ನೂ ಬ್ರೇಕಿನ ಎಳೆತವನ್ನೂ ತಡೆಯುವುದು. ನಡುವೆ ತುಕ್ಕು, ಬಣ್ಣ ಅಥವಾ ಮಣ್ಣು ಸಿಕ್ಕಿದ್ದರೆ ಕೆಲವು ಮೈಲಿ ಓಡಿದ ಮೇಲೆ ಅದು ಪುಡಿಯಾಗಿ ತೆಳುವಾಗುತ್ತದೆ, ಬಿಗಿ ಇಳಿಯುತ್ತದೆ, ಚಕ್ರ ಅಲುಗತೊಡಗುತ್ತದೆ. ಆಮೇಲೆ, ನಾವು ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಮುರಿಯುವಂತೆಯೇ ಸ್ಟಡ್ಡು ಮುರಿಯುತ್ತದೆ. ಸ್ಪೇಸರ್ ಹಾಕಿದಲ್ಲಿ ಇಂಥ ಅಮುಕುವ ಮುಖಗಳ ಜೋಡಿ ಒಂದಿದ್ದುದು ಎರಡಾಗುತ್ತದೆ. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡರೆ ಉಳಿದುದೆಲ್ಲ ಸುಲಭವಾಗಿ ತಿಳಿಯುತ್ತದೆ.

ಸ್ಪೇಸರಿನಲ್ಲಿ ಎರಡು ಬಗೆ. ಒಂದು ತೆಳುವಾದ ಬಿಲ್ಲೆ. ಸ್ಟಡ್ಡುಗಳ ಮೇಲೆ ಪೋಣಿಸಿ, ಅದರ ಮೇಲೆ ಚಕ್ರವನ್ನಿಟ್ಟು ಹಳೆಯ ನಟ್ಟುಗಳನ್ನೇ ಬಿಗಿಯುವುದು. ಬಿಲ್ಲೆ ಎಷ್ಟು ದಪ್ಪವೋ ನಟ್ಟಿಗೆ ಸಿಗುವ ಮರೆ ಅಷ್ಟು ಕಡಿಮೆಯಾಗುತ್ತದೆ. ಸ್ಟಡ್ಡಿನ ವ್ಯಾಸದಷ್ಟು ಉದ್ದಕ್ಕಾದರೂ ನಟ್ಟು ಮರೆಯನ್ನು ಕಚ್ಚಿರಬೇಕು. 12 ಮಿ.ಮೀ. ಸ್ಟಡ್ಡು, 1.25 ಮಿ.ಮೀ. ಮರೆಯಾದರೆ ನಟ್ಟು ಸುಮಾರು 10 ಸುತ್ತು ಹೋಗಬೇಕು. 5 ಮಿ.ಮೀ. ಬಿಲ್ಲೆ ಇದರಲ್ಲಿ 4 ಸುತ್ತನ್ನು ನುಂಗುತ್ತದೆ. ಕೈಯಿಂದ ತಿರುಗಿಸಿ ಎಣಿಸಿ ನೋಡಿ. ಸಾಲದಿದ್ದರೆ ಉದ್ದದ ಸ್ಟಡ್ಡು ಹಾಕಿಸಬೇಕು, ಇಲ್ಲವೇ ಬಿಲ್ಲೆಯನ್ನು ಬಿಡಬೇಕು. ಒಂದರ ಮೇಲೊಂದು ಎರಡು ಬಿಲ್ಲೆ ಪೇರಿಸುವುದು ಎಂದಿಗೂ ಕೂಡದು.

ಎರಡನೆಯದು 25-30 ಮಿ.ಮೀ. ದಪ್ಪದ್ದು. ಇದನ್ನು ಹಬ್ಬಿಗೆ ಪ್ರತ್ಯೇಕ ನಟ್ಟುಗಳಿಂದ ಬಿಗಿದು, ಇದರದೇ ಸ್ಟಡ್ಡುಗಳಿಗೆ ಚಕ್ರವನ್ನು ಬಿಗಿಯುತ್ತಾರೆ. ಹಬ್ಬಿನ ಸ್ಟಡ್ಡಿನ ತುದಿ ಸ್ಪೇಸರಿನ ಮುಖದಿಂದ ಹೊರಗೆ ಇಣುಕಬಾರದು. ಇಣುಕಿದರೆ, ರಿಮ್ಮಿನಲ್ಲಿ ಅದಕ್ಕೆ ಗುಳಿ ಇಲ್ಲದ ಪಕ್ಷದಲ್ಲಿ, ಚಕ್ರ ಸಮನಾಗಿ ಕೂರುವುದಿಲ್ಲ. ಇಲ್ಲಿನ ನಿಜವಾದ ತೊಡಕೆಂದರೆ ಒಳಗಿನ ಐದು ನಟ್ಟುಗಳು ಕಣ್ಣಿಗೆ ಕಾಣವು. ಹೊರಗಿನ ನಟ್ಟುಗಳಿಗೆ ಸ್ಪ್ಯಾನರ್ ಹಾಕಿ ನೋಡಿ ಎಲ್ಲ ಬಿಗಿಯಾಗಿದೆ ಎಂದುಕೊಳ್ಳುವ ಡ್ರೈವರಿಗೆ, ಒಳಗಿನವು ಸಡಿಲವಾಗಿರುವುದು ತಿಳಿಯುವುದೇ ಇಲ್ಲ. ಚಕ್ರ ಬಿಚ್ಚದೆ ಪರೀಕ್ಷೆಯಿಲ್ಲ.

ಕೊಳ್ಳುವಾಗ ಅಳತೆ ಮುಖ್ಯ. ಪಕ್ಕಪಕ್ಕದ ಎರಡು ಸ್ಟಡ್ಡುಗಳ ಮಧ್ಯದಿಂದ ಮಧ್ಯಕ್ಕೆ ಅಳೆದು 1.701ರಿಂದ ಗುಣಿಸಿದರೆ ಐದು ಸ್ಟಡ್ಡಿನ ವೃತ್ತದ ವ್ಯಾಸ ಸಿಗುತ್ತದೆ. 82.1 ಮಿ.ಮೀ. ಬಂದರೆ ವ್ಯಾಸ 139.7, ಅಂದರೆ ಐದೂವರೆ ಅಂಗುಲ. ಹಳೆಯ ವಿಲ್ಲೀಸ್ ಜೀಪು, ಮಾರುತಿ ಜಿಪ್ಸಿ, ಜಿಮ್ನಿ ಮೂರಕ್ಕೂ ಇದೇ ಅಳತೆ. ಹಾಗೆಂದು ಒಂದರದು ಇನ್ನೊಂದಕ್ಕೆ ಆಗದು. ವಿಲ್ಲೀಸಿನ ಸ್ಟಡ್ಡು ಅರ್ಧ ಅಂಗುಲದ್ದು. ಎಡಗಡೆಯ ಚಕ್ರಗಳಲ್ಲಿ ಎಡಮರೆ ಇರುವ ಹಳೆಯ ಜೀಪುಗಳೂ ಇವೆ. ಜಿಮ್ನಿಯ ನಡುರಂಧ್ರ 108 ಮಿ.ಮೀ. ಸ್ಪೇಸರಿನ ರಂಧ್ರವು ಹಬ್ಬಿನ ಬಳೆಯ ಮೇಲೆ ಸಡಿಲವಿಲ್ಲದೆ ಕೂರಬೇಕು, ಹೊರಬದಿಯಲ್ಲಿ ಚಕ್ರಕ್ಕೂ ಅಂಥದೇ ಬಳೆ ಇರಬೇಕು. ಲೋಹ 6061-ಟಿ6 ಎಂಬ ದರ್ಜೆಯ ಅಲ್ಯೂಮಿನಿಯಂ ಆಗಿರಲಿ. ಎರಕದ್ದನ್ನು ಯಾರಾದರೂ ಪುಕ್ಕಟೆ ಕೊಟ್ಟರೂ ಬೇಡ.

ಮಲೆನಾಡಿನವರಿಗೆ ಇನ್ನೊಂದು ಮಾತು. ಮೈಲುತುತ್ತದ ದ್ರಾವಣವನ್ನು ಕಬ್ಬಿಣದ ಪಾತ್ರೆಯಲ್ಲಿ ಕರಗಿಸಬಾರದೆಂಬುದು ಅಡಿಕೆಗೆ ಔಷಧಿ ಹೊಡೆಸುವ ಪ್ರತಿಯೊಬ್ಬರಿಗೂ ಗೊತ್ತು. ಅಲ್ಯೂಮಿನಿಯಮ್ಮಿಗೂ ಅದು ಶತ್ರುವೇ. ಜೀಪಿನಲ್ಲಿ ಡ್ರಮ್ಮು ಸಾಗಿಸುವಾಗ ಚೆಲ್ಲಿದ್ದನ್ನು ಅಂದೇ ನೀರು ಹಾಕಿ ತೊಳೆಯಬೇಕು. ಮಳೆಗಾಲದಲ್ಲಿ ಉಕ್ಕಿಗೆ ತಗುಲಿದ ಅಲ್ಯೂಮಿನಿಯಂ ತಾನಾಗಿಯೇ ಬಿಳಿಪುಡಿ ಬಿಟ್ಟು ಹಬ್ಬಿಗೆ ಅಂಟಿಕೊಳ್ಳುತ್ತದೆ. ಹಬ್ಬಿನ ಬಳೆಗೆ ಮಾತ್ರ ತೆಳುವಾಗಿ ಗ್ರೀಸು ಸವರಬಹುದು. ಮರೆಗೆ, ಅಮುಕುವ ಮುಖಗಳಿಗೆ ಬೇಡ.

ಹಾಕುವಾಗ ಎರಡೂ ಮುಖಗಳನ್ನು ತಂತಿಬ್ರಶ್ಶಿನಿಂದ ಲೋಹ ಹೊಳೆಯುವವರೆಗೆ ಉಜ್ಜಬೇಕು. ನಟ್ಟುಗಳನ್ನು ಒಂದು ಬಿಟ್ಟು ಒಂದರಂತೆ, ಎರಡು ಮೂರು ಸುತ್ತಿನಲ್ಲಿ ಬಿಗಿಯಬೇಕು. ಎಷ್ಟು ಬಿಗಿ ಎಂಬುದು ವಾಹನದ ಕೈಪಿಡಿಯಲ್ಲಿರುತ್ತದೆ, 12 ಮಿ.ಮೀ. ಸ್ಟಡ್ಡಿನ ಹಲವು ಸಣ್ಣ ವಾಹನಗಳಿಗೆ ಅದು 100 ನ್ಯೂಟನ್ ಮೀಟರಿನ ಆಸುಪಾಸು. ಗಾಳಿಯ ಗನ್ನಿನಲ್ಲಿ ಒಂದೇ ಸಲಕ್ಕೆ ಬಡಿಸಿ ಕಳುಹಿಸುವ ಅಂಗಡಿಗೆ ನಾವಾದರೆ ಗಾಡಿ ಬಿಡೆವು. 50ರಿಂದ 100 ಕಿ.ಮೀ. ಓಡಿದ ಮೇಲೆ ಚಕ್ರ ಬಿಚ್ಚಿ ಒಳಗಿನ ನಟ್ಟುಗಳನ್ನೂ ಮತ್ತೆ ನೋಡತಕ್ಕದ್ದು. ಅನಂತರ ಮಳೆಗಾಲಕ್ಕೆ ಮುಂಚೆ ಒಮ್ಮೆ, ಕೊಯ್ಲಿಗೆ ಮುಂಚೆ ಒಮ್ಮೆ.

ಎಲ್ಲವನ್ನೂ ಸರಿಯಾಗಿ ಮಾಡಿದರೂ ಬೇರಿಂಗಿನ ಮೇಲಿನ ಹೊರೆ ತಪ್ಪದು. ಚಕ್ರದ ಮೇಲೆ 400 ಕಿಲೋ ಭಾರವಿದ್ದು ಅದನ್ನು 30 ಮಿ.ಮೀ. ಹೊರಕ್ಕೆ ತಳ್ಳಿದರೆ 12 ಕಿಲೋಗ್ರಾಂ ಮೀಟರಿನಷ್ಟು ಹೆಚ್ಚಿನ ಮೀಟುಬಲ ಬೀಳುತ್ತದೆ. ಹೊಂಡಕ್ಕೆ ಬಿದ್ದಾಗ ಸ್ಟಿಯರಿಂಗ್ ಕೈಯನ್ನು ಎಳೆಯುವುದೂ ಹೆಚ್ಚುತ್ತದೆ. ಹೊರಚಾಚು ಇರುವ ಸರಿಯಾದ ರಿಮ್ಮು ಹಾಕಿಸಿದರೂ ಈ ಹೊರೆ ಇದ್ದದ್ದೇ, ಆದರೆ ಎರಡನೆಯ ಜೋಡಣೆಯಾದರೂ ಇರುವುದಿಲ್ಲ. ತಯಾರಕರು ಹೇಳಿದ ಅಳತೆಯ ಟಯರಿಗೇ ಹಿಂತಿರುಗಿದರೆ ಎರಡೂ ಇಲ್ಲ. ನಮ್ಮ ಅಭಿಪ್ರಾಯ ಅದರ ಕಡೆಗೇ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣವು ತಯಾರಕರ ಮೂಲ ವಿವರಕ್ಕೆ ವ್ಯತ್ಯಾಸವಾಗುವ ಮಾರ್ಪಾಟನ್ನು ನಿರ್ಬಂಧಿಸುತ್ತದೆ; 2019ರ ಜನವರಿಯಲ್ಲಿ ಕೇರಳದಿಂದ ಬಂದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇದನ್ನು ಖಚಿತಪಡಿಸಿದೆ. ಆದುದರಿಂದ ಹಾಕಿಸುವ ಮೊದಲು ಆರ್.ಟಿ.ಓ. ಕಚೇರಿಯಲ್ಲಿಯೂ ವಿಮೆಯವರಲ್ಲಿಯೂ ಬರವಣಿಗೆಯಲ್ಲಿ ಕೇಳಿಕೊಳ್ಳುವುದು ಲೇಸು.

ಸಂಘದ ಗೋದಾಮಿನಲ್ಲಿ ಒಂದು ಟಾರ್ಕ್ ಸ್ಪ್ಯಾನರ್ ಇದೆ. ಸದಸ್ಯರು ಪುಸ್ತಕದಲ್ಲಿ ಸಹಿ ಮಾಡಿ ಒಯ್ಯಬಹುದು. ಅದರಿಂದ ನಟ್ಟು ಬಿಚ್ಚಬಾರದು, ಮತ್ತು ಮುಳ್ಳನ್ನು ಕನಿಷ್ಠ ಅಳತೆಗೆ ಇಳಿಸಿಯೇ ಹಿಂತಿರುಗಿಸಬೇಕು.