ತಂದೆಯವರ ಎನ್‌ಪಿಎಸ್ ಹಣ ನಿಜಕ್ಕೂ ಎಷ್ಟು ಬೆಳೆದಿದೆ?

(ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ)

ಈ ಸಲ ಸಿಇಟಿ ಸೀಟು ಹಂಚಿಕೆಯ ಹೊತ್ತಿಗೆ ಸಾಣಾಪುರದ ನಮ್ಮ ಮನೆಯಲ್ಲಿ ಒಂದೇ ಮಾತು. ಅಕ್ಕನಿಗೆ ಬಿ.ಫಾರ್ಮಾ ಸೀಟು ಸಿಕ್ಕಿದೆ, ಫೀಜಿಗೆ ಹಣ ಎಲ್ಲಿಂದ ತರುವುದು?

ನಮ್ಮ ತಂದೆಯವರು ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕರು. ಕರ್ನಾಟಕದಲ್ಲಿ 2006ರ ಏಪ್ರಿಲ್ 1 ಮತ್ತು ನಂತರ ನೌಕರಿಗೆ ಸೇರಿದವರಿಗೆ ಹಳೆಯ ಪಿಂಚಣಿ ಇಲ್ಲ, ಎನ್‌ಪಿಎಸ್ ಇದೆ. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿದ ಮೊತ್ತದ ಶೇ 10ರಷ್ಟು ಪ್ರತಿ ತಿಂಗಳು ಸಂಬಳದಲ್ಲಿ ಕಡಿತವಾಗುತ್ತದೆ. ಸರ್ಕಾರವೂ ತನ್ನ ಪಾಲು ಹಾಕುತ್ತದೆ. ಅದು ಮೊದಲು ಶೇ 10 ಇತ್ತು, ಈಗ ಶೇ 14. ಈ ಹಣವನ್ನು ಎಸ್‌ಬಿಐ, ಎಲ್‌ಐಸಿ, ಯುಟಿಐ ಪಿಂಚಣಿ ನಿಧಿಗಳು ಹೂಡುತ್ತವೆ. ಹೆಚ್ಚಿನ ಪಾಲು ಸರ್ಕಾರಿ ಸಾಲಪತ್ರ ಮತ್ತು ಕಂಪನಿಗಳ ಸಾಲಪತ್ರಗಳಿಗೆ ಹೋಗುತ್ತದೆ, ಸ್ವಲ್ಪ ಪಾಲು ಷೇರುಗಳಿಗೆ.

ಮಕ್ಕಳ ಉನ್ನತ ಶಿಕ್ಷಣದಂತಹ ಕಾರಣಕ್ಕೆ ನೌಕರರು ತಾವು ಕಟ್ಟಿದ ಹಣದ ಶೇ 25ರವರೆಗೆ ಹಿಂಪಡೆಯಬಹುದು. ಅದನ್ನು ತೆಗೆಯಬೇಕೋ ಬಿಡಬೇಕೋ ಎಂದು ತಿಳಿಯಲು, ಆ ಹಣ ಅಲ್ಲಿ ಎಷ್ಟು ಬೆಳೆಯುತ್ತಿದೆ ಎಂಬುದು ಮೊದಲು ಗೊತ್ತಾಗಬೇಕಿತ್ತು. ತಂದೆಯವರು ಸ್ಟೇಟ್‌ಮೆಂಟನ್ನು ನನ್ನ ಕೈಗೆ ಕೊಟ್ಟು, "ನೀನು ಕಾಮರ್ಸ್ ಓದ್ತೀಯಲ್ಲ, ನೋಡಿ ಹೇಳು" ಎಂದರು.

ಅದರಲ್ಲಿದ್ದ ಅಂಕಿಗಳು ಇವು. ಖಾತೆಗೆ 16 ವರ್ಷಗಳಲ್ಲಿ ಬಂದ ಒಟ್ಟು ವಂತಿಗೆ ₹12.28 ಲಕ್ಷ. ಇದರಲ್ಲಿ ತಂದೆಯವರದು ₹5.54 ಲಕ್ಷ, ಸರ್ಕಾರದ್ದು ₹6.74 ಲಕ್ಷ. ಇಂದಿನ ಮೌಲ್ಯ ₹21.76 ಲಕ್ಷ.

ಎರಡು ತಪ್ಪು ಉತ್ತರಗಳು

ಮೊದಲ ಉತ್ತರ ತಂದೆಯವರದೇ. "ನಾನು ಕಟ್ಟಿದ್ದು ಐದೂವರೆ ಲಕ್ಷ, ಆಗಿರೋದು ಇಪ್ಪತ್ತೊಂದು ಮುಕ್ಕಾಲು ಲಕ್ಷ. ಹತ್ತಿರಹತ್ತಿರ ನಾಲ್ಕು ಪಟ್ಟು!" ಕೇಳಲು ಚೆನ್ನಾಗಿದೆ. ಆದರೆ ಸರ್ಕಾರ ಹಾಕಿದ ₹6.74 ಲಕ್ಷ ಹೂಡಿಕೆಯಿಂದ ಬಂದ ಲಾಭವಲ್ಲ. ಅದು ಅವರ ದುಡಿಮೆಗೆ ಸಿಕ್ಕ ಸಂಬಳದ ಇನ್ನೊಂದು ಭಾಗ. ಲಾಭ ಲೆಕ್ಕ ಹಾಕುವಾಗ ಅದನ್ನೂ ಅಸಲಿಗೇ ಸೇರಿಸಬೇಕು. ಆಗ ಲಾಭ ₹9.48 ಲಕ್ಷ, ಅಂದರೆ ಅಸಲಿನ ಶೇ 77.

ಎರಡನೆಯ ಉತ್ತರ ತಂದೆಯವರ ಸಹೋದ್ಯೋಗಿಯೊಬ್ಬರದು. "ಶೇ 77 ಅಂದ್ರೆ 16 ವರ್ಷಕ್ಕೆ ಭಾಗಿಸಿ ಸರ್, ವರ್ಷಕ್ಕೆ ಶೇ 5 ಕೂಡ ಬರಲ್ಲ. ಇದಕ್ಕಿಂತ ಬ್ಯಾಂಕಿನ ಎಫ್‌ಡಿ ಮೇಲು. ಸಿಕ್ಕಷ್ಟು ತೆಗೆದುಬಿಡಿ" ಎಂದರಂತೆ. ಭಾಗಾಕಾರ ಸರಿಯಾಗಿದೆ, ಶೇ 4.8 ಬರುತ್ತದೆ. ಆದರೆ ಇಡೀ ₹12.28 ಲಕ್ಷ 16 ವರ್ಷಗಳಿಂದ ಖಾತೆಯಲ್ಲಿ ಇರಲೇ ಇಲ್ಲ. ಮೊದಲ ವರ್ಷ ಹೋದದ್ದು ₹30 ಸಾವಿರ ಮಾತ್ರ. ಸಂಬಳ ಹೆಚ್ಚಿದಂತೆ ವಂತಿಗೆಯೂ ಹೆಚ್ಚಿತು. ಅರ್ಧಕ್ಕಿಂತ ಹೆಚ್ಚು ಹಣ ಬಂದದ್ದು ಕೊನೆಯ ಆರು ವರ್ಷಗಳಲ್ಲಿ.

ನಮ್ಮೂರ ಎಡದಂಡೆ ಕಾಲುವೆಯ ಭತ್ತದ ಗದ್ದೆಗಳನ್ನೇ ನೋಡಿ. ಒಂದು ಮಡಿ ನಾಟಿಯಾಗಿ ಮೂರು ತಿಂಗಳಾಗಿದೆ, ಪಕ್ಕದ್ದು ನಾಟಿಯಾದದ್ದು ಮೊನ್ನೆ. ಎರಡಕ್ಕೂ ಒಂದೇ ವಯಸ್ಸು ಎಂದುಕೊಂಡು ಬೆಳೆ ಕುಂಠಿತವಾಗಿದೆ ಎಂದು ಯಾವ ರೈತನೂ ಹೇಳುವುದಿಲ್ಲ. ತಿಂಗಳು ತಿಂಗಳು ಕಟ್ಟುವ ಹಣವೂ ಹಾಗೆಯೇ, ಪ್ರತಿ ಕಂತಿಗೂ ಅದರದೇ ವಯಸ್ಸು ಇರುತ್ತದೆ.

ಸಣ್ಣ ಲೆಕ್ಕದಲ್ಲಿ ನೋಡೋಣ

ಪ್ರತಿ ವರ್ಷದ ಮೊದಲ ದಿನ ₹1,000ದಂತೆ 10 ವರ್ಷ ಕಟ್ಟಿದಿರಿ ಎಂದುಕೊಳ್ಳಿ. ಖಾತೆ ವರ್ಷಕ್ಕೆ ಸರಿಯಾಗಿ ಶೇ 8ರಂತೆ ಬೆಳೆಯುತ್ತದೆ. ಮೊದಲ ಸಾವಿರ 10 ವರ್ಷ ಬೆಳೆದು ₹2,159 ಆಗುತ್ತದೆ. ಕೊನೆಯ ಸಾವಿರ ಒಂದೇ ವರ್ಷ ಬೆಳೆದು ₹1,080 ಆಗುತ್ತದೆ. ಎಲ್ಲ ಕೂಡಿದರೆ ₹15,645. ಕಟ್ಟಿದ್ದು ₹10,000, ಲಾಭ ₹5,645.

ಈಗ ಸಹೋದ್ಯೋಗಿಗಳ ವಿಧಾನದಲ್ಲಿ 10ರಿಂದ ಭಾಗಿಸಿದರೆ ವರ್ಷಕ್ಕೆ ಶೇ 5.6 ಬರುತ್ತದೆ. ₹10,000 ಮೊದಲ ದಿನವೇ ಇತ್ತು ಎಂದುಕೊಂಡು ಚಕ್ರಬಡ್ಡಿಯ ಸೂತ್ರ ಹಾಕಿದರೆ ಇನ್ನೂ ಕಡಿಮೆ, ಶೇ 4.6. ಆದರೆ ನಾವೇ ಶೇ 8 ಎಂದು ಇಟ್ಟುಕೊಂಡು ಹೊರಟ ಲೆಕ್ಕ ಇದು! ಹಣ ತಪ್ಪಿಲ್ಲ, ಅಳೆಯುವ ಕೋಲು ತಪ್ಪು.

ಸರಿಯಾದ ಕೋಲಿನ ಹೆಸರು ಎಕ್ಸ್‌ಐಆರ್‌ಆರ್. ಅದು ಕೇಳುವ ಪ್ರಶ್ನೆ ಸರಳ: ಪ್ರತಿ ಕಂತನ್ನೂ ಅದು ಬಂದ ದಿನದಿಂದ ಇಂದಿನವರೆಗೆ ಯಾವ ಒಂದೇ ದರದಲ್ಲಿ ಬೆಳೆಸಿದರೆ ಇಂದಿನ ಮೌಲ್ಯ ಬರುತ್ತದೆ? ಕೈಯಲ್ಲಿ ಮಾಡಿದರೆ ಶೇ 7 ಹಾಕಿ ನೋಡಿ, ಸಾಲದಿದ್ದರೆ ಶೇ 8, ಹೆಚ್ಚಾದರೆ ಶೇ 7.5 ಹೀಗೆ ಹುಡುಕಬೇಕು. ಕಂಪ್ಯೂಟರ್ ಕ್ಷಣದಲ್ಲಿ ಹುಡುಕಿಕೊಡುತ್ತದೆ.

ಎಕ್ಸೆಲ್‌ನಲ್ಲಿ ಮಾಡುವುದು ಹೀಗೆ. ಒಂದು ಕಾಲಂನಲ್ಲಿ ದಿನಾಂಕ, ಪಕ್ಕದಲ್ಲಿ ಮೊತ್ತ. ಕಟ್ಟಿದ ಹಣಕ್ಕೆಲ್ಲ ಮೈನಸ್ ಚಿಹ್ನೆ ಹಾಕಬೇಕು. ಕೊನೆಯ ಸಾಲಿನಲ್ಲಿ ಇಂದಿನ ದಿನಾಂಕ ಮತ್ತು ಇಂದಿನ ಮೌಲ್ಯ ಬರೆಯಬೇಕು, ಅದಕ್ಕೆ ಮೈನಸ್ ಬೇಡ. ಮಧ್ಯೆ ಹಣ ತೆಗೆದಿದ್ದರೆ ಅದನ್ನೂ ಮೈನಸ್ ಇಲ್ಲದೆ ಬರೆಯಬೇಕು. ನಂತರ ಎಕ್ಸ್‌ಐಆರ್‌ಆರ್ ಸೂತ್ರಕ್ಕೆ ಮೊದಲು ಮೊತ್ತಗಳ ಕಾಲಂ, ಆಮೇಲೆ ದಿನಾಂಕಗಳ ಕಾಲಂ ಕೊಟ್ಟರೆ ಆಯಿತು.

ನಾನು ವರ್ಷಕ್ಕೊಂದು ಸಾಲಿನಂತೆ, ಆಯಾ ವರ್ಷದ ನಡುವಿನ ದಿನಾಂಕ ಹಾಕಿ 16 ಸಾಲು ಬರೆದೆ. ಉತ್ತರ ಶೇ 9 ಬಂತು. ಸ್ಟೇಟ್‌ಮೆಂಟನ್ನು ಮತ್ತೊಮ್ಮೆ ನೋಡಿದರೆ ಮೇಲ್ಭಾಗದಲ್ಲೇ ಎಕ್ಸ್‌ಐಆರ್‌ಆರ್ ಎಂಬ ಕಾಲಂ ಇತ್ತು, ಅಲ್ಲಿಯೂ ಅದರ ಆಸುಪಾಸಿನ ಅಂಕಿಯೇ ಇತ್ತು. ಇಷ್ಟು ವರ್ಷ ನಮ್ಮ ಮನೆಯಲ್ಲಿ ಯಾರೂ ಅದನ್ನು ಓದಿರಲಿಲ್ಲ.

ಶೇ 9 ಎಂದರೆ ಹೆಚ್ಚೋ ಕಡಿಮೆಯೋ?

ಹೋಲಿಸದೆ ಹೇಳಲು ಬರುವುದಿಲ್ಲ. ಪಿಪಿಎಫ್ ಬಡ್ಡಿ 2020ರ ಏಪ್ರಿಲ್‌ನಿಂದ ಶೇ 7.1 ಇದೆ. ಇದೇ ಕಂತುಗಳು ಇದೇ ದಿನಾಂಕಗಳಂದು ಶೇ 7.1ರ ದರದಲ್ಲೇ ಬೆಳೆದಿದ್ದರೆ ಇಂದು ಸುಮಾರು ₹19.1 ಲಕ್ಷ ಆಗುತ್ತಿತ್ತು. ಬೆಲೆ ಏರಿಕೆಯನ್ನೂ ಮರೆಯಬಾರದು. ಬೆಲೆಗಳು ವರ್ಷಕ್ಕೆ ಶೇ 5ರಷ್ಟು ಏರಿದರೆ, ಶೇ 9ರ ಬೆಳವಣಿಗೆಯಲ್ಲಿ ನಿಜವಾಗಿ ಕೈಗೆ ಹತ್ತುವುದು ಶೇ 3.8 ಮಾತ್ರ.

ಇನ್ನೊಂದು ಮಾತು. ಎಕ್ಸ್‌ಐಆರ್‌ಆರ್ ಹೇಳುವುದು ಹಣ ಹೇಗೆ ಬೆಳೆದಿದೆ ಎಂಬುದನ್ನು. ನಿವೃತ್ತಿಯ ನಂತರ ಪಿಂಚಣಿ ಸಾಕಾಗುತ್ತದೆಯೇ ಎಂಬುದನ್ನು ಅದು ಹೇಳುವುದಿಲ್ಲ. ಸರ್ಕಾರಿ ನೌಕರರು 60ನೇ ವಯಸ್ಸಿನಲ್ಲಿ ಕನಿಷ್ಠ ಶೇ 40 ಹಣದಿಂದ ವರ್ಷಾಶನ ಕೊಳ್ಳಬೇಕು, ಅದರಿಂದ ತಿಂಗಳಿಗೆ ಎಷ್ಟು ಬರುತ್ತದೆ ಎಂಬುದು ಅಂದಿನ ದರದ ಮೇಲೆ ನಿಂತಿದೆ. 2023ರ ಮಾರ್ಚ್ 1ರಂದು ರಾಜ್ಯದ ನೌಕರರು ಕೆಲಸ ನಿಲ್ಲಿಸಿದಾಗ ಹಳೆಯ ಪಿಂಚಣಿಯೂ ಒಂದು ಬೇಡಿಕೆಯಾಗಿತ್ತು. ಆ ಪ್ರಶ್ನೆಗೆ ಉತ್ತರ ಎಕ್ಸೆಲ್‌ನಲ್ಲಿಲ್ಲ.

ಮತ್ತೆ ಅಕ್ಕನ ಫೀಜಿಗೆ ಬರೋಣ

ತಂದೆಯವರ ಪಾಲು ₹5.54 ಲಕ್ಷದಲ್ಲಿ ಶೇ 25 ಎಂದರೆ ಸುಮಾರು ₹1.38 ಲಕ್ಷ. ಅವರ ನಿವೃತ್ತಿಗೆ ಇನ್ನೂ 12 ವರ್ಷ ಇದೆ. ಶೇ 9ರಂತೆಯೇ ಬೆಳೆದರೆ ಆ ಹಣ ಆಗ ₹3.9 ಲಕ್ಷ ಆಗುತ್ತದೆ. ಮುಂದಿನ ದರ ಹಿಂದಿನಂತೆಯೇ ಇರುತ್ತದೆ ಎಂಬ ಭರವಸೆ ಇಲ್ಲ, ಶೇ 7 ಆದರೂ ₹3.1 ಲಕ್ಷ. ಇಂದಿನ ಫೀಜಿನ ನಿಜವಾದ ಬೆಲೆ ಅದು.

ಇನ್ನೊಂದು ಕಡೆ, ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಸಾಲವಿದೆ. ಸಿಇಟಿ ಮೂಲಕ ವೃತ್ತಿಪರ ಕೋರ್ಸಿಗೆ ಸೇರಿದ, ಆದಾಯ ಮಿತಿಯೊಳಗಿನ ಕುಟುಂಬದ ವಿದ್ಯಾರ್ಥಿಗಳಿಗೆ ಅದು ಶೇ 2ರ ಸೇವಾ ಶುಲ್ಕದಲ್ಲಿ ಸಿಗುತ್ತದೆ. ಶೇ 2ರ ಸಾಲ ಸಿಗುವಾಗ ಶೇ 9ರಲ್ಲಿ ಬೆಳೆಯುವ ಹಣವನ್ನು ಕೀಳುವುದೇಕೆ?

ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ತೋರಿಸಿದೆ. ತಂದೆಯವರು ಎರಡು ಸಲ ಓದಿ, "ಹಾಗಾದ್ರೆ ಇದನ್ನ ಮುಟ್ಟೋದು ಬೇಡ" ಎಂದರು. ಮೊದಲ ಕಂತನ್ನು ಅಮ್ಮಿ ಕೂಡಿಟ್ಟ ಹಣದಿಂದ ಕಟ್ಟಿದೆವು. ಅರಿವು ಸಾಲಕ್ಕೆ ಅರ್ಜಿ ಹಾಕಿದ್ದೇವೆ, ಇನ್ನೂ ಮಂಜೂರಾಗಿಲ್ಲ. ಆಗದಿದ್ದರೆ ಎನ್‌ಪಿಎಸ್ ಕೊನೆಯ ದಾರಿಯಾಗಿ ಇದ್ದೇ ಇದೆ. ಆಗ ತೆಗೆದರೂ, ಏನನ್ನು ಬಿಟ್ಟುಕೊಡುತ್ತಿದ್ದೇವೆ ಎಂದು ತಿಳಿದೇ ತೆಗೆಯುತ್ತೇವೆ.

ಗೆಳೆಯರೇ, ಗೆಳತಿಯರೇ, ನಿಮ್ಮ ಮನೆಯಲ್ಲಿ ಎನ್‌ಪಿಎಸ್ ಇಲ್ಲದಿರಬಹುದು. ಆರ್‌ಡಿ, ಎಲ್‌ಐಸಿ, ಚೀಟಿ ಏನಾದರೂ ಇದ್ದೇ ಇರುತ್ತದೆ. ದಿನಾಂಕ ಮತ್ತು ಮೊತ್ತ ಬರೆದುಕೊಂಡು ಒಮ್ಮೆ ಲೆಕ್ಕ ಹಾಕಿ ನೋಡಿ. ಬೇಸಿಕ್ ಮ್ಯಾಥ್ಸ್‌ನಲ್ಲಿ ಕಲಿತ ಆನ್ಯುಟಿ ಪಾಠ ಪರೀಕ್ಷೆಯ ಐದು ಅಂಕಕ್ಕೆ ಮಾತ್ರ ಎಂದು ನಾನೂ ತಿಳಿದಿದ್ದೆ.