ಮಾತು ಬಿಟ್ಟರೂ ಹಾಡು ಬಿಡಲಿಲ್ಲ!

1942ರ ಏಪ್ರಿಲ್ 24. ಪುಣೆ. ಮರಾಠಿ ರಂಗಭೂಮಿಯಲ್ಲಿ ಒಂದು ಕಾಲಕ್ಕೆ ಮೆರೆದ ಗಾಯಕ-ನಟ ಮಾಸ್ಟರ್ ದೀನಾನಾಥ್ ಮಂಗೇಶ್ಕರ್ ಕಣ್ಣು ಮುಚ್ಚಿದರು. ಅವರ ಬಲವಂತ ಸಂಗೀತ ಮಂಡಳಿ ಆಗಲೇ ಮುಳುಗಿತ್ತು. ಟಾಕಿ ಬಂದ ಮೇಲೆ ನಾಟಕ ಕಂಪನಿಗಳಿಗೆ ಬಿದ್ದ ಏಟು ಅದು. ನಮ್ಮ ಕಡೆಯ ಕಂಪನಿಗಳೂ ಅದನ್ನು ತಿಂದವೇ ಬಿಡಿ.

ಮನೆಯಲ್ಲಿ ಉಳಿದವರು ತಾಯಿ ಮತ್ತು ಐದು ಮಕ್ಕಳು. ದೊಡ್ಡವಳಿಗೆ ಹದಿಮೂರು ತುಂಬಿರಲಿಲ್ಲ, ಕೊನೆಯವನಿಗೆ ಐದು ತುಂಬಿರಲಿಲ್ಲ. ದುಡ್ಡು? ಇಲ್ಲ. ಕಂಪನಿ? ಅದೂ ಇಲ್ಲ. ಆದರೆ ಹಾಡು ಇತ್ತು!

ಆ ದೊಡ್ಡ ಹುಡುಗಿಯೇ ಲತಾ. ಅಪ್ಪ ಬದುಕಿದ್ದಾಗ ನಡೆದದ್ದೊಂದನ್ನು ಆಕೆ ಆಮೇಲೆ ಎಷ್ಟೋ ಸಲ ಹೇಳಿಕೊಂಡಿದ್ದಾರೆ. ಶಿಷ್ಯನೊಬ್ಬ ರಾಗ ತಪ್ಪಿ ಹಾಡುತ್ತಿದ್ದ. ಅಪ್ಪ ಹೊರಗೆ ಹೋಗಿದ್ದರು. ಈ ಪುಟ್ಟ ಹುಡುಗಿ ಹೋಗಿ ಅವನನ್ನು ತಿದ್ದಿದಳು. ಅಷ್ಟರಲ್ಲಿ ವಾಪಸು ಬಂದ ದೀನಾನಾಥರು ಅದನ್ನು ಕೇಳಿ ದಂಗಾದರಂತೆ. ಮನೆಯಲ್ಲೇ ಗಾಯಕಿ ಇರುವಾಗ ನಾನು ಹೊರಗಿನವರಿಗೆ ಕಲಿಸುತ್ತಾ ಕೂತಿದ್ದೇನಲ್ಲಾ ಅಂದುಕೊಂಡು, ಮರುದಿನದಿಂದಲೇ ಮಗಳಿಗೆ ಪಾಠ ಶುರು ಮಾಡಿದರು.

ಅಪ್ಪ ಹೋದ ಮೇಲೆ ಅಳೋದಕ್ಕೂ ಪುರುಸೊತ್ತಿಲ್ಲ. ಕುಟುಂಬದ ಸ್ನೇಹಿತ ಮಾಸ್ಟರ್ ವಿನಾಯಕ್ ಕೈ ಹಿಡಿದರು. 1942ರಲ್ಲೇ 'ಪಹಿಲಿ ಮಂಗಳಾಗೌರ್' ಚಿತ್ರದಲ್ಲಿ ಲತಾ ಬಣ್ಣ ಹಚ್ಚಿದರು. ನಟನೆ ಆಕೆಗೆ ಸುತರಾಂ ಇಷ್ಟವಿರಲಿಲ್ಲ. ಮುಖಕ್ಕೆ ಬಣ್ಣ, ಕಣ್ಣಿಗೆ ಲೈಟು... ಹಿಂಸೆ! ಆದರೂ ಮನೆಯಲ್ಲಿ ಒಲೆ ಉರಿಯಬೇಕಲ್ಲ? ಮರುವರ್ಷ 'ಮಾಝಾ ಬಾಳ್' ಚಿತ್ರಕ್ಕೆ ತಂಗಿ ಆಶಾ ಹಾಡಿದಳು. ಆಗ ಅವಳಿಗೆ ಹತ್ತರ ಆಸುಪಾಸು. ಆ ವಯಸ್ಸಿನಲ್ಲಿ ನಾವು ಗೋಲಿ ಆಡ್ತಿದ್ವಿ ಸ್ವಾಮಿ!

1949ರಲ್ಲಿ 'ಮಹಲ್' ಬಂತು. ಲತಾ ಎಂಬ ಹೆಸರು ದೇಶಕ್ಕೆಲ್ಲಾ ಗೊತ್ತಾಯಿತು. ಕಷ್ಟ ಕಳೆಯಿತು ಎನ್ನುವಷ್ಟರಲ್ಲಿ ಅದೇ ಸುಮಾರಿಗೆ ಮನೆ ಒಡೆಯಿತು. ಹದಿನಾರರ ಆಶಾ ಮನೆಯವರ ಮಾತು ಮೀರಿ ಗಣಪತ್‌ರಾವ್ ಭೋಸ್ಲೆ ಅವರನ್ನು ಮದುವೆಯಾದರು. ಅವರು ಲತಾ ಅವರ ಕಾರ್ಯದರ್ಶಿ. ಅಕ್ಕನಿಗೆ ಕೋಪ ಬಂತು, ಮಾತು ನಿಂತಿತು. ಆ ಜಗಳವನ್ನು ಮಸಾಲೆ ಹಚ್ಚಿ ವರ್ಷಾನುಗಟ್ಟಲೆ ಮಾರಿದ್ದು ನಮ್ಮಂಥ ಸಿನಿಮಾ ಪತ್ರಿಕೆಗಳೇ, ಒಪ್ಪಿಕೊಳ್ಳಬೇಕು.

ಆದರೆ ಒಂದು ವಿಷಯವನ್ನು ಯಾರೂ ಅಷ್ಟಾಗಿ ಬರೆಯಲಿಲ್ಲ. ಆಶಾ ತವರು ಬಿಟ್ಟಿದ್ದ ಆ ವರ್ಷಗಳಲ್ಲೇ, 1956ರ 'ಚೋರಿ ಚೋರಿ' ಚಿತ್ರದಲ್ಲಿ ಶಂಕರ್-ಜೈಕಿಷನ್ ಇಬ್ಬರಿಂದಲೂ ಒಂದು ಯುಗಳಗೀತೆ ಹಾಡಿಸಿದರು. ಅದನ್ನು ಕೇಳಿ. ಮುನಿಸು ಎಲ್ಲಾದರೂ ಕಾಣುತ್ತದಾ? ಒಬ್ಬರು ಉಸಿರು ಬಿಟ್ಟ ಕಡೆ ಇನ್ನೊಬ್ಬರು ಎತ್ತಿಕೊಳ್ತಾರೆ. ಕಾಗದ ಬರೆದು ರಾಜಿ ಮಾಡಿಕೊಳ್ಳಬಹುದು, ಹಿರಿಯರನ್ನು ಕೂರಿಸಿ ಪಂಚಾಯ್ತಿ ಮಾಡಬಹುದು. ಆದರೆ ಶ್ರುತಿ ಸೇರಬೇಕಾದರೆ ಪಕ್ಕದವರ ದನಿಯನ್ನು ಕಿವಿಗೊಟ್ಟು ಕೇಳಲೇಬೇಕು. ಮನೆಯಲ್ಲಿ ಅಣ್ಣನ ಹತ್ತಿರ ಮಾತು ಬಿಟ್ಟು, ರಾತ್ರಿ ಗಣೇಶನ ಆರ್ಕೆಸ್ಟ್ರಾದಲ್ಲಿ ಅದೇ ಅಣ್ಣನ ಹಾಡಿಗೆ ಢೋಲಕ್ ಬಾರಿಸಿದ ಹುಡುಗರು ನಮ್ಮ ಓದುಗರಲ್ಲೂ ಇದ್ದಾರು. ಅವರಿಗೆ ನಾನು ಹೇಳೋದು ಅರ್ಥವಾಗುತ್ತೆ.

1960ರಲ್ಲಿ ಆಶಾ ಮಕ್ಕಳನ್ನು ಕಟ್ಟಿಕೊಂಡು ತಾಯಿಯ ಮನೆಗೆ ವಾಪಸು ಬಂದರು. ಬದುಕು ಮತ್ತೆ ಸೊನ್ನೆಯಿಂದ. ಹಿಡಿದುಕೊಳ್ಳಲು ಇದ್ದದ್ದು ಮತ್ತದೇ ಹಾಡು! ಅಕ್ಕ-ತಂಗಿ ಪೂರ್ತಿ ಸರಿಹೋಗಲು ಕಾಲ ಹಿಡಿಯಿತು. 1968ರ 'ಪಡೋಸನ್'ನಲ್ಲಿ ಇಬ್ಬರೂ ಪೈಪೋಟಿಗೆ ಬಿದ್ದ ಹುಡುಗಿಯರ ಹಾಗೆ ಹಾಡಿದ್ದಾರೆ.

ಉಳಿದವರೂ ಸುಮ್ಮನಿರಲಿಲ್ಲ. ಮೀನಾ ಮರಾಠಿಯಲ್ಲಿ ಸಂಗೀತ ಕೊಟ್ಟರು. ಉಷಾ 1975ರ 'ಜೈ ಸಂತೋಷಿ ಮಾ'ದಿಂದ ಮನೆಮಾತಾದರು. ಲತಾ 'ಆನಂದಘನ' ಎಂಬ ಗುಪ್ತನಾಮದಲ್ಲಿ ಮರಾಠಿ ಚಿತ್ರಗಳಿಗೆ ರಾಗ ಕಟ್ಟಿದರು. ನಮ್ಮ ಭಾಗ್ಯಕ್ಕೆ 1967ರ 'ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ' ಚಿತ್ರದಲ್ಲಿ ಲಕ್ಷ್ಮಣ ಬೆರಳೇಕರ್ ಸಂಗೀತಕ್ಕೆ ಕನ್ನಡದಲ್ಲೂ ಹಾಡಿದರು.

ಇನ್ನು ಆ ಕಿರಿಯ ತಮ್ಮ ಹೃದಯನಾಥ್. ಅಪ್ಪನ ಮುಖ ಅವನಿಗೆ ಎಷ್ಟು ನೆನಪಿತ್ತೋ ಏನೋ! 1990ರ 'ಲೇಕಿನ್' ಚಿತ್ರಕ್ಕೆ ಅಕ್ಕನೇ ನಿರ್ಮಾಪಕಿ, ಅಕ್ಕನೇ ಗಾಯಕಿ, ತಮ್ಮ ಸಂಗೀತ ನಿರ್ದೇಶಕ. ಆ ವರ್ಷದ ರಾಷ್ಟ್ರಪ್ರಶಸ್ತಿ ಇಬ್ಬರಿಗೂ ಬಂತು. ಒಂದೇ ಚಿತ್ರಕ್ಕೆ, ಒಂದೇ ಮನೆಗೆ!

2022ರ ಫೆಬ್ರವರಿ 6ರಂದು ಲತಾ ಹೋದರು, 92ನೇ ವಯಸ್ಸಿನಲ್ಲಿ. ಆ ರಾತ್ರಿ ನಾನು ಹಾಕಿಕೊಂಡು ಕೇಳಿದ್ದು 1984ರ 'ಉತ್ಸವ್' ಚಿತ್ರದ ಯುಗಳಗೀತೆ. ಲಕ್ಷ್ಮೀಕಾಂತ್-ಪ್ಯಾರೇಲಾಲ್ ಸಂಗೀತ. ಲತಾ, ಆಶಾ ಇಬ್ಬರೂ ಐವತ್ತು ದಾಟಿದ್ದಾಗ ಹಾಡಿದ್ದು. ಯಾವ ಸಾಲು ಅಕ್ಕನದು, ಯಾವುದು ತಂಗಿಯದು ಅಂತ ಬರೆದಿಟ್ಟುಕೊಳ್ಳಲು ಪೆನ್ನು ಹಿಡಿದು ಕೂತಿದ್ದೆ. ಎರಡು ಕಡೆ ತಪ್ಪಿದೆ.