ಆರಾಮಕುರ್ಚಿಯೂ ಅದರ ಪಾದಪೀಠವೂ

ಕೂಡ್ರುವದಕ್ಕೂ ಶಿಕ್ಷಣವು ಬೇಕೇ ಎಂದು ವಾಚಕರು ನಗಬಹುದು. ನಾವೂ ಹಿಂದೆ ಹಾಗೆಯೇ ನಗುತ್ತಿದ್ದೆವು. ಮೂವತ್ತು ವರುಷಗಳಿಗೂ ಮೇಲ್ಪಟ್ಟು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕೂ ತಾಲೂಕುಗಳ ಶಾಲೆಗಳಲ್ಲಿ ಕಟ್ಟಿಗೆಯ ಕುರ್ಚಿಯ ಮೇಲೆ ಕುಳಿತು, ಅದಕ್ಕಿಂತ ಹೆಚ್ಚಾಗಿ ನಿಂತುಕೊಂಡೇ, ಸಂಸ್ಕೃತವನ್ನೂ ಕನ್ನಡವನ್ನೂ ಕಲಿಸಿ ನಿವೃತ್ತರಾದ ನಮಗೆ, ಕಾಲು ಚಾಚುವದನ್ನು ಕಲಿಯುವ ಪ್ರಸಂಗವು ಅರವತ್ತರ ಹೊಸ್ತಿಲಲ್ಲಿ ಒದಗಿತು. ಕಲಿಸಿದವರು ಗಂಗಾವತಿಯಲ್ಲಿರುವ ನಮ್ಮ ಅಕ್ಕನವರು.

ಅಕ್ಕನವರಿಗೆ ಈಗ ಎಪ್ಪತ್ತೆಂಟು ವಯಸ್ಸು. ಮೊಣಕಾಲುಗಳಲ್ಲಿ ನೋವು, ಸಂಜೆಯಾಗುತ್ತಲೇ ಪಾದಗಳು ಬಾತುಕೊಳ್ಳುವವು. ದೂರದ ಊರಿನಲ್ಲಿ ನೌಕರಿಯಲ್ಲಿರುವ ಮಗನು, ತಾಯಿಯ ಮೇಲಿನ ಮಮತೆಯಿಂದ, ವಿದ್ಯುತ್ತಿನಿಂದ ನಡೆಯುವ ರಿಕ್ಲೈನರ್ ಕುರ್ಚಿಯೊಂದನ್ನು ಕಳುಹಿಸಿದನು. ಗುಂಡಿಯನ್ನು ಒತ್ತಿದರೆ ಪಾದಪೀಠವು ಮೆಲ್ಲನೆ ಮೇಲೇಳುವದು. ಬೆನ್ನು ಹಿಂದಕ್ಕೆ ವಾಲುವದು. ಓಣಿಯವರೆಲ್ಲರೂ ಬಂದು ನೋಡಿ ಹೋದರು. ಎಂಟು ದಿನಗಳ ತರುವಾಯ ಒಂದು ಮಧ್ಯಾಹ್ನ ನಾವು ಅಲ್ಲಿಗೆ ಹೋದೆವು. ತಲಬಾಗಿಲ ಕದವು ಬರೇ ಮುಂದೆ ಮಾಡಿತ್ತು. ಒಳಗೆ ಅಕ್ಕನವರೊಬ್ಬರೇ, ಕಾಲುಗಳನ್ನು ಮೇಲೆತ್ತಿಕೊಂಡು ಅಂಗಾತ ಮಲಗಿದಂತೆ ಕುಳಿತಿದ್ದರು.

“ಕರೆಂಟ್ ಹೋಗಿ ತಾಸಿನ ಮ್ಯಾಲಾತು ತಮ್ಮಾ. ಕುರ್ಚಿ ನನ್ನ ಹಿಡಕೊಂಡೈತಿ, ಬಿಡವಲ್ದು” ಎಂದರು.

ಕೂಗಿ ನೆರೆಯವರನ್ನು ಕರೆಯಲು ಅವರಿಗೆ ನಾಚಿಕೆಯಾಗಿತ್ತು. ಬಾಯಾರಿತ್ತು, ನೀರಿನ ತಂಬಿಗೆಯು ಎರಡು ಮಾರು ದೂರದಲ್ಲಿತ್ತು. ನಾವು ಎರಡೂ ಕೈಗಳಿಂದ ಪಾದಪೀಠವನ್ನು ಒತ್ತಿ ನೋಡಿದೆವು, ಅದು ಕದಲಲಿಲ್ಲ. ಅರ್ಧ ತಾಸಿನ ಮೇಲೆ ಕರೆಂಟು ಬಂದು ಕಾಲು ಕೆಳಗಿಳಿದಾಗ ಪಾದಗಳು ಜೋಮು ಹಿಡಿದಿದ್ದವು. ಎದ್ದು ನಿಂತವರು ಮುಗ್ಗರಿಸಿದರು. ನಾವು ಹಿಡಿಯದಿದ್ದರೆ ಬೀಳುತ್ತಿದ್ದರು. ಆ ವಯಸ್ಸಿನಲ್ಲಿ ಬಿದ್ದರೆ ಏನಾಗುವದೆಂಬುದನ್ನು ಗೃಹಸ್ಥರಾದ ವಾಚಕರಿಗೆ ಹೇಳಬೇಕಾದದ್ದಿಲ್ಲ. ಸುಖಕ್ಕೆಂದು ತಂದ ವಸ್ತುವು ಹೀಗೆ ಸೆರೆಯಾಗಬಾರದೆಂಬ ಉದ್ದೇಶದಿಂದಲೇ ಈ ಲೇಖನವನ್ನು ಬರೆಯಹೊರಟಿದ್ದೇವೆ.

ಪಾದಪೀಠವೆಂಬ ಶಬ್ದವು ನಮಗೆ ಹೊಸದಲ್ಲ. ಸಂಸ್ಕೃತ ಕಾವ್ಯಗಳಲ್ಲಿ ಸಾಮಂತರ ಕಿರೀಟರತ್ನಗಳ ಕಾಂತಿಯಿಂದ ಬೆಳಗುವ ಪಾದಪೀಠಗಳ ವರ್ಣನೆಯು ಮೇಲಿಂದ ಮೇಲೆ ಬರುತ್ತದೆ. ಒಂದು ಕಾಲನ್ನು ಮಡಚಿ ಇನ್ನೊಂದನ್ನು ಇಳಿಬಿಟ್ಟು ಲಲಿತಾಸನದಲ್ಲಿ ಕುಳಿತ ದೇವತಾಮೂರ್ತಿಗಳಲ್ಲಿ, ಇಳಿಬಿಟ್ಟ ಪಾದದ ಕೆಳಗೆ ಶಿಲ್ಪಿಯು ಅನೇಕ ವೇಳೆ ಒಂದು ಕಮಲವನ್ನು ಇಟ್ಟಿರುತ್ತಾನೆ. ದೇವರ ಕಾಲೂ ಆಧಾರವಿಲ್ಲದೆ ತೂಗಾಡಬಾರದೆಂಬ ಸೂಕ್ಷ್ಮವು ಅವನಿಗೆ ತಿಳಿದಿತ್ತು. ಆದರೆ ಈ ಪಾದಪೀಠಗಳು ಮಹಿಮೆಯ ಕುರುಹುಗಳು. ನಮಗೆ ಬೇಕಾದದ್ದು ಬಾತ ಕಾಲಿಗೆ ವಿಶ್ರಾಂತಿಯನ್ನು ಕೊಡುವಂಥದು.

ಕಾಲು ಬಾಯುವದೇಕೆ? ಪಾದಗಳಿಗೆ ಇಳಿದ ರಕ್ತವನ್ನು ಮತ್ತೆ ಹೃದಯದ ಕಡೆಗೆ ಏರಿಸುವಲ್ಲಿ ಮೀನಖಂಡದ ಸ್ನಾಯುಗಳು ರಾಟಿಯಂತೆ ಸಹಾಯ ಮಾಡುತ್ತವೆ. ನಡೆಯುವಾಗ ಅವು ಕುಗ್ಗಿ ಹಿಗ್ಗುತ್ತವೆ. ಅಲುಗಾಡದೆ ಕಾಲಿಳಿಬಿಟ್ಟು ಕುಳಿತರೆ ಸುಮ್ಮನಾಗುತ್ತವೆ. ಆಗ ರಕ್ತದೊಳಗಿನ ನೀರಿನಂಶವು ಕಣಕಾಲಿನ ಸುತ್ತ ಜಿನುಗಿ ನಿಲ್ಲುತ್ತದೆ. ಕಾಲನ್ನು ಎತ್ತಿಟ್ಟರೆ ಅದು ಹಿಂದಿರುಗಲು ಅನುಕೂಲವಾಗುವದು. ಪಾದಪೀಠದ ಪ್ರಯೋಜನವು ಇಷ್ಟೇ. ಆದುದರಿಂದ ಅದನ್ನು ಹೊಂದಿಸುವಾಗ ನೋಡತಕ್ಕದ್ದು ಚಂದವನ್ನಲ್ಲ, ಆಧಾರವು ಕಾಲಿನ ಯಾವ ಭಾಗಕ್ಕೆ ಸಿಗುತ್ತದೆಂಬುದನ್ನು.

ಇನ್ನು ಕುರ್ಚಿಗಳ ಪ್ರಕಾರಗಳನ್ನು ಒಂದೊಂದಾಗಿ ವಿಚಾರಿಸೋಣ.

ಎಲ್ಲಕ್ಕೂ ಹಳೆಯ ಪರಿಚಯದ್ದು ಬಟ್ಟೆಯ ಆರಾಮಕುರ್ಚಿ. ಹಿಂದಿನ ಕಚ್ಚುಗಳಲ್ಲಿ ಅಡ್ಡಕೋಲನ್ನು ಸರಿಸಿ ಬೆನ್ನಿನ ಓರೆಯನ್ನು ಹೆಚ್ಚುಕಡಿಮೆ ಮಾಡಬಹುದು. ಕಾಲಿಗೆ ಮಾತ್ರ ಏನೂ ಇಲ್ಲ. ಇದಕ್ಕೆ ಪ್ರತ್ಯೇಕವಾದ ಕಾಲ್ಮಣೆಯು ಬೇಕು. ಅದರ ಎತ್ತರವು ಕುರ್ಚಿಯ ಮುಂಭಾಗಕ್ಕೆ ಸಮನಾಗಿರಲಿ, ಇಲ್ಲವೆ ಕೊಂಚ ತಗ್ಗಾಗಿರಲಿ. ಓಣಿಯ ಬಡಿಗೇರರು ಇಂಥ ಮಣೆಯನ್ನು ಒಂದೇ ದಿನದಲ್ಲಿ ಮಾಡಿಕೊಡುವರು. ಕೊಪ್ಪಳದ ಸಮೀಪದ ಕಿನ್ನಾಳದಲ್ಲಿ ಹಗುರಾದ ಕಟ್ಟಿಗೆಯನ್ನು ಕೆತ್ತಿ ಬಣ್ಣ ತುಂಬುವ ಚಿತ್ರಗಾರರ ಕೈಚಳಕವು ಪ್ರಸಿದ್ಧವಾದದ್ದು. ಆದರೆ ಕಾಲ್ಮಣೆಗೆ ಬೇಕಾದದ್ದು ಭಾರವನ್ನು ತಾಳುವ ಗಟ್ಟಿ ಕಟ್ಟಿಗೆ. ಅದರ ಮೇಲೆ ಮಡಚಿದ ಕೌದಿಯೊಂದಿದ್ದರೆ ಸಾಕು.

ಎರಡನೆಯದು ಹಿಂದೆ ಪ್ರವಾಸಿ ಬಂಗಲೆಗಳಲ್ಲಿ ಕಾಣುತ್ತಿದ್ದ ಬೆತ್ತದ ಉದ್ದತೋಳಿನ ಕುರ್ಚಿ. ತೋಳುಗಳ ಅಡಿಯಿಂದ ಎರಡು ಹಲಗೆಗಳು ಮುಂದಕ್ಕೆ ತಿರುಗಿ ಬರುವವು. ಅವುಗಳ ಮೇಲೆ ಕಾಲಿಗೊಂದರಂತೆ ಚಾಚಿಕೊಳ್ಳಬೇಕು. ದೊರೆಗಳ ಸುಖಕ್ಕೆಂದು ಹುಟ್ಟಿದ ಈ ಏರ್ಪಾಡಿನಲ್ಲಿ ಸೀರೆಯುಟ್ಟ ಹೆಣ್ಣುಮಕ್ಕಳು ಮರ್ಯಾದೆಯಿಂದ ಕಾಲು ಚಾಚುವಂತಿರಲಿಲ್ಲ. ಅಂದರೆ ಆ ಪಾದಪೀಠವು ಅರ್ಧ ಮನೆಗೆ ಮಾತ್ರ ಮಾಡಿದ್ದು. ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಹೊತ್ತು ಒಲೆಯ ಮುಂದೆ ನಿಲ್ಲುವವರ ಕಾಲುಗಳೇ ಹೊರಗುಳಿದವು! ಹಲಗೆಯ ಅಂಚು ಮೀನಖಂಡವನ್ನು ಒತ್ತುವದು ಇದರ ಇನ್ನೊಂದು ದೋಷ. ಇಂದಿಗೂ ಉಪಯೋಗಿಸುವವರು ಅಂಚಿಗೆ ಬಟ್ಟೆಯನ್ನು ಸುತ್ತಬೇಕು.

ಅಮೇರಿಕೆಯ ಮಿಷಿಗನ್ ಪ್ರಾಂತದ ಮನ್ರೋ ಎಂಬ ಊರಲ್ಲಿ ೧೯೨೮ರಲ್ಲಿ ಎಡ್ವರ್ಡ್ ಕ್ನಾಬುಶ್, ಎಡ್ವಿನ್ ಶೂಮೇಕರ್ ಎಂಬ ಸೋದರಸಂಬಂಧಿಗಳು ಕಟ್ಟಿಗೆಯ ಪಟ್ಟಿಗಳಿಂದ, ಕುಳಿತವರ ಮೈಯನ್ನು ಅನುಸರಿಸಿ ವಾಲುವ ಕುರ್ಚಿಯೊಂದನ್ನು ಮಾಡಿದರು. ಈಗ ನಮ್ಮ ಪೇಟೆಗಳಲ್ಲಿ ದೊರೆಯುವ ರಿಕ್ಲೈನರುಗಳು ಅದೇ ವಂಶದವು. ಅವುಗಳಲ್ಲಿ ಮುಖ್ಯವಾಗಿ ಮೂರು ಭೇದಗಳುಂಟು.

ಹಿಡಿಕೆಯ ಜಾತಿಯಲ್ಲಿ, ಪಕ್ಕದ ಹಿಡಿಕೆಯನ್ನು ಎಳೆದರೆ ಸ್ಪ್ರಿಂಗಿನ ಬಲದಿಂದ ಪಾದಪೀಠವು ಜಿಗಿದು ಬರುವದು. ಮುಚ್ಚಬೇಕಾದರೆ ಬೆನ್ನನ್ನು ನೆಟ್ಟಗೆ ಮಾಡಿ, ಎರಡೂ ಹಿಮ್ಮಡಿಗಳಿಂದ ಪಾದಪೀಠವನ್ನು ಕೆಳಕ್ಕೂ ಹಿಂದಕ್ಕೂ ಒತ್ತಬೇಕು. ಸದ್ದಾಗಿ ಸಿಕ್ಕಿಕೊಳ್ಳುವವರೆಗೆ ಬಿಡಬಾರದು. ಮೊಣಕಾಲಿನಲ್ಲಿ ಶಕ್ತಿಯಿಲ್ಲದವರಿಗೆ ಇದು ಕಷ್ಟ. ಮುಚ್ಚಿದ ಮೇಲೂ ಪಾದಪೀಠವು ಜೋತುಬಿದ್ದರೆ ಅಡಿಯ ಸ್ಪ್ರಿಂಗು ಕೊಂಡಿಯಿಂದ ಕಳಚಿರುವ ಸಂಭವವುಂಟು.

ದೂಡುವ ಜಾತಿಯಲ್ಲಿ ಹಿಡಿಕೆಯೇ ಇಲ್ಲ. ತೋಳುಗಳನ್ನು ಹಿಡಿದು ಬೆನ್ನಿನಿಂದ ಹಿಂದಕ್ಕೆ ಒತ್ತಿದರೆ ಕಾಲು ತಾನೇ ಮೇಲೇಳುವದು. ಹಗುರ ಮೈಯವರು ಎಷ್ಟು ಒತ್ತಿದರೂ ಕದಲದಿದ್ದರೆ, ಅಥವಾ ಭಾರದ ಮೈಯವರು ಒರಗುತ್ತಲೇ ಒಮ್ಮೆಲೆ ಹಿಂದಕ್ಕೆ ಬೀಳುವಂತಾದರೆ, ಅನೇಕ ಕುರ್ಚಿಗಳ ಅಡಿಯಲ್ಲಿರುವ ಕಿವಿಯುಳ್ಳ ತಿರುಪಿನಿಂದ ಬಿಗಿತವನ್ನು ಸರಿಪಡಿಸಿಕೊಳ್ಳಬಹುದು. ಎರಡೂ ಬದಿಯ ತಿರುಪುಗಳನ್ನು ಸಮನಾಗಿ ತಿರುಗಿಸಬೇಕು.

ವಿದ್ಯುತ್ತಿನ ಜಾತಿಯಲ್ಲಿ ಮೋಟಾರು ಒಂದೇ ಇದ್ದರೆ ಕಾಲೂ ಬೆನ್ನೂ ಒಂದಕ್ಕೊಂದು ಕಟ್ಟಿಕೊಂಡೇ ಚಲಿಸುವವು. ಎರಡು ಮೋಟಾರುಗಳಿದ್ದರೆ ಬೆನ್ನು ನೆಟ್ಟಗಿರುವಾಗಲೇ ಕಾಲನ್ನು ಬೇಕಾದಷ್ಟು ಎತ್ತಬಹುದು. ಕುಳಿತು ಓದುವವರಿಗೂ ಊಟ ಮಾಡುವವರಿಗೂ ಇದು ಹಿತ. ಮೋಟಾರಿನ ತಿರುಪು ಕೈಬಲಕ್ಕೆ ಹಿಂದಿರುಗುವದಿಲ್ಲ. ಅಂದು ನಮ್ಮ ಶಕ್ತಿಯೆಲ್ಲ ವ್ಯರ್ಥವಾದದ್ದು ಇದೇ ಕಾರಣದಿಂದ. ಇದಕ್ಕೆಂದೇ ಹಲವು ಕುರ್ಚಿಗಳಲ್ಲಿ ೯ ವೋಲ್ಟಿನ ಎರಡು ಬ್ಯಾಟರಿಗಳನ್ನು ಹಾಕುವ ಸಣ್ಣ ಪೆಟ್ಟಿಗೆಯಿರುತ್ತದೆ. ಕರೆಂಟು ಹೋದಾಗ ಒಮ್ಮೆ ಕಾಲನ್ನು ಇಳಿಸಿಕೊಳ್ಳಲು ಅಷ್ಟು ಸಾಕು. ಅಕ್ಕನವರ ಕುರ್ಚಿಯಲ್ಲಿಯೂ ಅದು ಇತ್ತು, ಒಳಗೆ ಬರಿದಾಗಿತ್ತು. ಮನೆಯಲ್ಲಿ ಇನ್ವರ್ಟರ್ ಇದ್ದವರು, ವಿದ್ಯುತ್ ಕೆಲಸದವರನ್ನು ಕೇಳಿ, ಕುರ್ಚಿಯ ಪ್ಲಗ್ಗನ್ನು ಅದಕ್ಕೆ ಜೋಡಿಸಿಕೊಳ್ಳಬಹುದು. ಕೊಳ್ಳುವಾಗ ಬಟ್ಟೆಯ ಬಣ್ಣವನ್ನು ಕೇಳುವ ಮೊದಲು, ಕರೆಂಟು ಹೋದರೆ ಕಾಲು ಹೇಗೆ ಇಳಿಯುವದೆಂದು ಕೇಳಬೇಕು.

ಕುರ್ಚಿಯು ಯಾವ ಜಾತಿಯದಾದರೂ ಮೈಗೆ ಹೊಂದಿಸುವ ಕ್ರಮವು ಒಂದೇ. ಸೊಂಟವನ್ನು ಹಿಂದಿನ ಒರಗಿಗೆ ಪೂರ್ಣ ತಾಗಿಸಿ ಕೂಡ್ರಬೇಕು. ಆಸನದ ಅಂಚಿಗೂ ಮೊಣಕಾಲಿನ ಹಿಂಭಾಗಕ್ಕೂ ನಡುವೆ ಎರಡು ಮೂರು ಬೆರಳುಗಳ ತೆರವಿರಬೇಕು. ಗಿಡ್ಡನೆಯವರಿಗೆ ಆಸನವು ಆಳವಾದರೆ ಬೆನ್ನ ಹಿಂದೆ ಗಟ್ಟಿ ದಿಂಬನ್ನು ಇಡಬೇಕು. ಇಲ್ಲದಿದ್ದರೆ ಮೈ ಜಾರಿ ನಡು ನೋಯುವದು. ಎತ್ತರದವರ ಕಾಲು ಪಾದಪೀಠವನ್ನು ದಾಟಿ ತೂಗುವದಾದರೆ ಮೀನಖಂಡದ ಅಡಿಗೆ ಮಡಚಿದ ಕೌದಿಯನ್ನು ಹಾಕಬೇಕು. ಕಾಲಿನ ಭಾರವೆಲ್ಲವೂ ಹಿಮ್ಮಡಿಯೊಂದರ ಮೇಲೆಯೇ ಬೀಳಬಾರದು. ಮೊಣಕಾಲು ಸೆಟೆದುಕೊಳ್ಳದೆ ಕೊಂಚ ಬಾಗಿರಬೇಕು. ಹೀಗೆ ಕುಳಿತವರೂ ಆಗಾಗ್ಗೆ ಪಾದಗಳನ್ನು ಮೇಲೆ ಕೆಳಗೆ ಆಡಿಸುತ್ತ, ತಾಸಿಗೊಮ್ಮೆಯಾದರೂ ಎದ್ದು ನಾಲ್ಕು ಹೆಜ್ಜೆ ನಡೆಯಬೇಕು. ಒಂದೇ ಕಾಲು ತಟ್ಟನೆ ಬಾತು ನೋಯತೊಡಗಿದರೆ, ಇಲ್ಲವೆ ಒರಗಿದಾಗ ಉಸಿರು ಕಟ್ಟಿದಂತಾದರೆ, ಅದು ಕುರ್ಚಿಯ ವಿಷಯವಲ್ಲ. ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ಏಳುವಾಗಲಂತೂ ಪಾದಪೀಠವನ್ನು ಪೂರ್ಣ ಮುಚ್ಚದೆ ಏಳಕೂಡದು. ಅದರ ಮೇಲೆ ಕಾಲೂರಿ ನಿಲ್ಲಲೂ ಕೂಡದು, ಕುರ್ಚಿಯು ಮುಂದಕ್ಕೆ ಮಗುಚುವದು. ಮುಚ್ಚುವ ಮೊದಲು ಕೆಳಗೆ ಬಗ್ಗಿ ನೋಡಬೇಕು. ಆ ಕತ್ತರಿಯಂಥ ಕಬ್ಬಿಣಗಳ ನಡುವೆ ಮಕ್ಕಳ ಬೆರಳುಗಳೂ ಮನೆಯ ಬೆಕ್ಕೂ ಸಿಕ್ಕಿಕೊಳ್ಳುವ ಅಪಾಯವುಂಟು. ಕುಷ್ಟಗಿ, ಯಲಬುರ್ಗಾಗಳ ಬಯಲುಸೀಮೆಯ ಧೂಳಿಯಾಗಲಿ, ಗಂಗಾವತಿಯ ಅಕ್ಕಿ ಗಿರಣಿಗಳ ತೌಡಿನ ಹುಡಿಯಾಗಲಿ ಕೀಲುಗಳನ್ನು ಸೇರಿದರೆ ಅವು ಬಿಗಿಯುತ್ತವೆ. ಅಡಿಗೆಯೆಣ್ಣೆಯನ್ನು ಬಿಡಬೇಡಿರಿ, ಅದು ಧೂಳಿಯನ್ನು ಮತ್ತಷ್ಟು ಹಿಡಿಯುವದು. ಒಣಬಟ್ಟೆಯಿಂದ ಒರಸಿ, ಅಂಟದ ಸಿಲಿಕೋನ್ ಲೇಪವನ್ನು ಸ್ವಲ್ಪವೇ ಹಚ್ಚಿರಿ.

ಪತಂಜಲಿ ಮಹರ್ಷಿಗಳು ಆಸನಕ್ಕೆ ಸ್ಥಿರತೆ, ಸುಖ ಎಂಬ ಎರಡು ಲಕ್ಷಣಗಳನ್ನು ಹೇಳಿದ್ದಾರೆ. ಅವರು ಹೇಳಿದ್ದು ಯೋಗಿಗಳಿಗೆ. ಮನೆಯ ಹಿರಿಯರ ಕುರ್ಚಿಗೆ ನಾವು ಮೂರನೆಯದೊಂದನ್ನು ಸೇರಿಸಬಯಸುತ್ತೇವೆ: ಸ್ವಾತಂತ್ರ್ಯ. ತಾವಾಗಿಯೇ ಕುಳಿತು, ತಾವಾಗಿಯೇ ಕಾಲೆತ್ತಿ, ತಾವಾಗಿಯೇ ಇಳಿದು ಬರುವಂತಿರಬೇಕು. ಇನ್ನೊಬ್ಬರ ದಾರಿ ಕಾಯಬೇಕಾದ ಸುಖವು ಸುಖವಲ್ಲ.

ಅಕ್ಕನವರ ಕುರ್ಚಿಗೆ ಈಗ ಬ್ಯಾಟರಿಗಳು ಬಂದಿವೆ. ಬೆನ್ನಿಗೆ ದಿಂಬು, ಪಕ್ಕದಲ್ಲಿ ನೀರಿನ ತಂಬಿಗೆ. ತಿಂಗಳಿಗೊಮ್ಮೆ ನಾವು ಹೋದಾಗ ಗೋಡೆಯ ಪ್ಲಗ್ಗನ್ನು ಕಿತ್ತು, ತಾವೇ ಗುಂಡಿಯನ್ನೊತ್ತಿ ಕಾಲನ್ನು ಇಳಿಸಿ ತೋರಿಸುತ್ತಾರೆ. ಮೊನ್ನೆ ಹಾಗೆ ಇಳಿದು ಎದ್ದು ನಿಂತು, “ನೋಡು ತಮ್ಮಾ, ಈಗ ಕುರ್ಚಿ ನಾ ಹೇಳಿದ ಮಾತ ಕೇಳತೈತಿ” ಎಂದು ಚಹಾ ಮಾಡಲು ತಾವೇ ಒಳಗೆ ಹೋದರು.